ಥಾಮಸ್ ಗುಡ್ಲೆಟ್‌ನ ಮದುವೆ ಬಟ್ಟಲು

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಜೆ.ಪಿ. ನಗರದ ಬೈಲಪ್ಪನವರ ಮನೆಯಲ್ಲಿ, ಅಕ್ಕಸಾಲಿ ವೆಂಕಟಾಚಲ ಸ್ಕಾಟ್ಲೆಂಡಿನ ಒಂದು ಹಳೆಯ ಬೆಳ್ಳಿ ಬಟ್ಟಲನ್ನು ಬೆಳಕಿಗೆ ಹಿಡಿದು, ಬೆಸುಗೆ ಸರಿಯಿಲ್ಲ ಎಂದ.

ಅವನು ಹೋಗಿದ್ದು ಬೈಲಪ್ಪನವರ ಹೆಂಡತಿ ನಾಗಲಕ್ಷ್ಮಮ್ಮನ ಕಾಲುಂಗುರ ಕೊಡುವುದಕ್ಕೆ. ಬಟ್ಟಲನ್ನು ತಾವಾಗಿ ತೋರಿಸಿದ್ದು ಬೈಲಪ್ಪ. ಚಿಕ್ಕಲಸಂದ್ರದ ಜಮೀನೆಲ್ಲ ಲೇಔಟ್ ಆದ ಮೇಲೆ ಅವರಿಗೆ ಹಳೆಯ ವಿದೇಶಿ ಬೆಳ್ಳಿ ಕೂಡಿಡುವ ಹವ್ಯಾಸ ಹತ್ತಿತ್ತು.

"ಹಿಡಿ ವಾರೆ ಇದೆ ಸಾರ್. ಬೆಸುಗೆ ಆಚೆ ಹರಿದ್ಬಿಟ್ಟಿದೆ. ನಮ್ಮ ಭಾವ ಇದ್ದಿದ್ರೆ ಇಂಥ ಕೆಲಸ ಮಾಡಿದೋನಿಗೆ ಇಕ್ಕಳದಲ್ಲೇ ಬಾರಿಸ್ತಿದ್ರು."

ಬೈಲಪ್ಪ ನಕ್ಕರು. "ನೀವು ಕಾಲುಂಗುರ ಮಾಡ್ಕೊಂಡಿರಿ ಆಚಾರ್ರೇ. ಇದನ್ನ ಮಾಡಿದೋನು ಎಡಿನ್‌ಬರೋದಲ್ಲಿ ಸತ್ತು ಮುನ್ನೂರೈವತ್ತು ವರ್ಷ ಆಯ್ತು. ನೀವಿನ್ನೂ ಬದುಕಿದ್ದೀರಿ. ಅದೇ ನಿಮ್ ಪ್ರಾಬ್ಲಮ್ಮು."

ಬನಶಂಕರಿಯ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ವೆಂಕಟಾಚಲ ಆ ಮಾತನ್ನು ಶಾಂತವಾಗಿ ಪರಿಶೀಲಿಸಿದ. ತಪ್ಪೇನೂ ಕಾಣಲಿಲ್ಲ. ಅಕ್ಕಸಾಲಿಯ ಕೆಲಸಕ್ಕೆ ಬೆಲೆ ಬರಬೇಕಾದರೆ ಅವನು ಸತ್ತಿರಬೇಕು. ಆದಷ್ಟು ಹಿಂದೆ, ಆದಷ್ಟು ದೂರದಲ್ಲಿ. ಶ್ರೀನಗರದಲ್ಲಿ ಅವನು ನಡೆಸುತ್ತಿದ್ದ ಅಂಗಡಿ ಭಾವನಿಂದ ಬಂದದ್ದು. ಬಾಡಿಗೆಯ ಆ ಕಟ್ಟಡವನ್ನು ಯುಗಾದಿಯ ನಂತರ ಒಡೆಯುವುದಾಗಿ ಮಾಲೀಕರು ಹೇಳಿಯಾಗಿತ್ತು. ಅದೇ ಬೀದಿಯಲ್ಲಿ ಬೇರೆ ಮಳಿಗೆ ಹಿಡಿಯದಿದ್ದರೆ ಭಾವನ ಹೆಸರಿನ ಬೋರ್ಡು ಇಳಿಯುತ್ತದೆ. ಕಾಲುಂಗುರದಿಂದ ಮಳಿಗೆ ಸಿಗುವುದಿಲ್ಲ. ಸಿಗ್ನಲ್ ಹಸಿರಾಗುವಷ್ಟರಲ್ಲಿ ಅವನು ಸತ್ತ ಅಕ್ಕಸಾಲಿಯಾಗಲು ನಿರ್ಧರಿಸಿದ್ದ.

ಇಂಥ ಮೋಸ ಮಾಡಿದವರು ಸಿಕ್ಕಿಬೀಳುವುದು ಅವಸರದಿಂದ ಎಂದು ಅವನಿಗೆ ಗೊತ್ತಿತ್ತು. ಅವನು ಅವಸರ ಮಾಡಲಿಲ್ಲ. ವಿದೇಶಿ ವಸ್ತುಸಂಗ್ರಹಾಲಯಗಳು ಅಂತರ್ಜಾಲದಲ್ಲಿ ಇಟ್ಟಿರುವ ಚಿತ್ರಗಳನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿ ಸುತ್ತಿಗೆ ಏಟಿನ ದಿಕ್ಕನ್ನು ಕಲಿತ. ಇಂದಿನ ಬೆಳ್ಳಿ ಅತಿ ಶುದ್ಧ, ಲೋಹ ಪರೀಕ್ಷಿಸುವ ಯಂತ್ರ ಅದನ್ನು ಕೂಡಲೇ ಹಿಡಿಯುತ್ತದೆ. ಆದ್ದರಿಂದ ಹಳೆಯ ಡಾಬು, ಕಾಲಂದುಗೆಗಳನ್ನು ಕೊಂಡು ಕರಗಿಸಿ, ಆ ಕಾಲದ ಸ್ಕಾಟಿಷ್ ಬೆಳ್ಳಿಯ ಹದಕ್ಕೆ ತಾಮ್ರ ಬೆರೆಸಿದ. ಎರಡು ಹಿಡಿಗಳಿರುವ ಅಗಲವಾದ ಬಟ್ಟಲು ಮಾಡಿದ. ಒಂದು ಹಿಡಿಯನ್ನು ವಾರೆಯಾಗಿ ಕೂರಿಸಿದ. ಅದಕ್ಕೆ ಮೂರು ಬಾರಿ ಪ್ರಯತ್ನಿಸಬೇಕಾಯಿತು. ಕೈ ತಾನಾಗಿ ನೆಟ್ಟಗೆ ಮಾಡಿಬಿಡುತ್ತಿತ್ತು.

ಮುದ್ರೆಗಳಲ್ಲಿ ಎಡಿನ್‌ಬರೋದ ಮೂರು ಗೋಪುರದ ಕೋಟೆ, ಮಾಡಿದವನ ಅಕ್ಷರಗಳು, ಅಲ್ಲಿನ ಅಕ್ಕಸಾಲಿಗಳ ಸಂಘದ ಮುಖ್ಯಸ್ಥನ ಅಕ್ಷರಗಳು ಬೇಕಿತ್ತು. ವರ್ಷ ಸೂಚಿಸುವ ಅಕ್ಷರ ಆ ಊರಿನಲ್ಲಿ ಬಂದದ್ದು 1681ರಲ್ಲಿ. ಅವನ ಬಟ್ಟಲು 1643ರದು. ಆದ್ದರಿಂದ ಅದನ್ನು ಹಾಕಲಿಲ್ಲ. ಹಾಕಿದ ಮುದ್ರೆಗಳಿಗಿಂತ ಹಾಕದ ಈ ಮುದ್ರೆಯ ಬಗ್ಗೆ ಅವನಿಗೆ ಹೆಚ್ಚು ಹೆಮ್ಮೆ.

ಉಳಿದದ್ದು ಮನುಷ್ಯ. ಯಾರದೆಂದು ತಿಳಿಯದ ಮುದ್ರೆಯನ್ನು ಒತ್ತಲು ವೆಂಕಟಾಚಲನ ಕೈ ಬರಲಿಲ್ಲ. ಥಾಮಸ್ ಗುಡ್ಲೆಟ್ ಎಂದು ಹೆಸರಿಟ್ಟ. ಆ ಹೆಸರಿನ ಅಕ್ಕಸಾಲಿ ಇರಲಿಲ್ಲವೆಂದು ಖಚಿತಪಡಿಸಿಕೊಂಡ. ಅಲ್ಲಿ ಗುರುವಿನ ಮಗಳನ್ನು ಮದುವೆಯಾದ ಶಿಷ್ಯನಿಗೆ ಸಂಘದ ಸದಸ್ಯತ್ವ ಸುಲಭವಾಗಿ ಸಿಗುತ್ತಿತ್ತೆಂದು ಓದಿ ಬಲು ಸಂತೋಷಪಟ್ಟ. ಅವನದೂ ಅದೇ ಕತೆ. ಕೆಲಸ ಕಲಿತದ್ದು ಭಾವನ ಬಳಿ, ಮದುವೆಯಾದದ್ದು ಅಕ್ಕನ ಮಗಳು ಸೀತಾಲಕ್ಷ್ಮಿಯನ್ನು. ಹೀಗೆ ಥಾಮಸ್‌ಗೆ ಎಲ್ಸ್‌ಪೆತ್ ಎಂಬ ಅಕ್ಕ ಹುಟ್ಟಿದಳು. ಆಕೆಗೆ ಜಾನ್ ಹೇ ಎಂಬ ಮುಂಗೋಪಿ ಅಕ್ಕಸಾಲಿ ಗಂಡನಾದ. ಅವರಿಗೆ ಮಾರಿಯನ್ ಎಂಬ ಮಗಳಾದಳು. ಆ ದೇಶದಲ್ಲಿ ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರೆಂಬುದೂ ಅವನಿಗೆ ಗೊತ್ತಿತ್ತು. ಮಾರಿಯನ್ ಹೇ ಕೊನೆಯವರೆಗೂ ಮಾರಿಯನ್ ಹೇ.

ಬಟ್ಟಲಿನ ತಳದಲ್ಲಿ ಬರೀ ಎರಡು ಹೆಸರು ಕೆತ್ತಿದಾಗ ಬೋಳು ಬೋಳಾಗಿ ಕಂಡಿತು. ಸಂಬಂಧ ಹಾಕದ ಲಗ್ನಪತ್ರಿಕೆ ಇರುತ್ತದೆಯೇ? ಹಳೆಯ ಕಾಗುಣಿತದ ಸ್ಕಾಟಿಷ್ ಭಾಷೆಯಲ್ಲಿ, ಒಂದೊಂದು ಪದವನ್ನೂ ತಾಳೆ ನೋಡಿ, ಪೂರ್ತಿ ಕೆತ್ತಿದ: ಗುರು ಜಾನ್ ಹೇ ಅವರ ಅಂಗಡಿಯಲ್ಲಿ ಥಾಮಸ್ ಗುಡ್ಲೆಟ್ ಇದನ್ನು ಮಾಡಿ, ತನ್ನ ಅಕ್ಕ ಎಲ್ಸ್‌ಪೆತ್‌ಳ ಮಗಳು, ತನ್ನ ಹೆಂಡತಿ ಮಾರಿಯನ್‌ಳಿಗೆ ತಮ್ಮ ಮದುವೆಯ ದಿನ ಕೊಟ್ಟಿದ್ದು. ಪಕ್ಕದಲ್ಲಿ ಥಾಮಸನ ಮುದ್ರೆ ಒತ್ತಿದ.

ಇನ್ನು ಅಪಾಯವಿದ್ದದ್ದು ಮನೆಯೊಳಗೆ ಮಾತ್ರ. ಬಟ್ಟಲಿಗೆ ಮುನ್ನೂರೆಂಬತ್ತು ವರ್ಷಗಳ ಕಪ್ಪು ಹಿಡಿಸಿ ಒಣಗಲಿಟ್ಟಿದ್ದ. ಸೀತಾಲಕ್ಷ್ಮಿ ಹುಣಸೆಹಣ್ಣು ಹಿಡಿದು ಬಂದಳು.

"ಕೊಡಿ ಮಾವ, ಉಜ್ಜಿಕೊಡ್ತೀನಿ. ಹೆಂಗ್ ಕಪ್ಪಾಗಿದೆ ನೋಡಿ."

"ಮುಟ್ಟಬೇಡ! ಗಿರಾಕಿ ಹಂಗೇ ಇರ್ಲಿ ಅಂದವ್ರೆ."

"ಯಾವ ಸೀಮೆ ಗಿರಾಕಿನೋ. ಪಾತ್ರೆ ತೊಳೆಯೋ ಅಭ್ಯಾಸ ಇಲ್ವಾ ಅವ್ರಿಗೆ?"

ಅಂದಿನಿಂದ ಬಟ್ಟಲನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ. ಕುತ್ತಿಗೆ ಹಿಡಿದುಕೊಂಡಿತು. ಅದನ್ನೂ ಯೋಜನೆಯ ಖರ್ಚಿಗೆ ಸೇರಿಸಿದ.

ಬೈಲಪ್ಪನವರ ಮುಂದೆ ಅವನು ತಗ್ಗಿಬಗ್ಗಿ ನಿಂತ. ದಂಡು ಪ್ರದೇಶದ ಹಳೆಯ ಬಂಗಲೆಯ ವೃದ್ಧೆಯೊಬ್ಬರು ಕರಗಿಸಲು ತಂದುಕೊಟ್ಟರು, ತೂಕದ ಬೆಲೆ ಕೊಟ್ಟು ತೆಗೆದುಕೊಂಡೆ, ಕರಗಿಸಲು ಮನಸ್ಸು ಬರಲಿಲ್ಲ ಎಂದ. ಈ ಕತೆಯಲ್ಲಿ ಅವನ ರಕ್ಷಣೆಯೂ ಇತ್ತು. ಮುಂದೆಂದಾದರೂ ಬಟ್ಟಲು ನಕಲಿ ಎಂದು ತಿಳಿದರೆ ಅವನೂ ಮೋಸಹೋದ ಬಡಪಾಯಿಯೇ. ಹಳೆಯ ಬೆಳ್ಳಿಯ ಬಗ್ಗೆ ಕಾಲುಂಗುರದವನಿಗೆ ಏನು ಗೊತ್ತು?

ಬೈಲಪ್ಪ ದಡ್ಡರಲ್ಲ. ಜಯನಗರದಲ್ಲಿ ಯಂತ್ರಕ್ಕೆ ಕೊಟ್ಟು ಪರೀಕ್ಷಿಸಿದರು. ಲೋಹ ಸರಿಯಿತ್ತು. ಭೂತಗನ್ನಡಿಯಲ್ಲಿ ಮುದ್ರೆ ನೋಡಿದರು. ಕೋಟೆ ಸರಿಯಿತ್ತು. ಆದರೂ ಅನುಮಾನ ಹೋಗಲಿಲ್ಲ. ಕೊನೆಗೆ ವೆಂಕಟಾಚಲನನ್ನು ಎದುರಿಗೆ ಕೂರಿಸಿಕೊಂಡು, ತಳದ ಬರಹವನ್ನು ಪುಸ್ತಕ ನೋಡಿಕೊಂಡು ಒಂದೊಂದೇ ಪದವಾಗಿ ಹೆಂಡತಿಗೆ ಕನ್ನಡದಲ್ಲಿ ಹೇಳಿದರು.

ನಾಗಲಕ್ಷ್ಮಮ್ಮ ಬಾಯಿಗೆ ಸೆರಗು ಹಿಡಿದಳು. "ಅಯ್ಯೋ, ಅಕ್ಕನ ಮಗಳ್ನೇ ಮಾಡ್ಕೊಂಡವ್ನೆ! ಅಲ್ಲೂ ನಮ್ಮಂಗೇನಾ? ನನ್ನೂ ಸ್ವಂತ ಮಾವಂಗೇ ಕೊಟ್ಟಿದ್ದು ಆಚಾರ್ರೇ. ಇವ್ರು ನಂಗೆ ಮದುವೇಲಿ ಒಂದು ಲೋಟಾನೂ ಮಾಡಿಸ್ಲಿಲ್ಲ."

"ಈಗ ತಗೋತಿಲ್ವೇನೇ," ಎಂದರು ಬೈಲಪ್ಪ. ಅವರ ಕಣ್ಣು ಒದ್ದೆಯಾಗಿತ್ತು.

ಲೋಹದ ಹದದಿಂದ ಹಿಡಿದು ಹಳೆಯ ಕಾಗುಣಿತದವರೆಗೆ ತಾನು ಪಟ್ಟ ಪಾಡೆಲ್ಲ ವ್ಯರ್ಥ, ಬಟ್ಟಲನ್ನು ಮಾರಿಕೊಟ್ಟವಳು ಮಾರಿಯನ್ ಒಬ್ಬಳೇ ಎಂದು ವೆಂಕಟಾಚಲನಿಗೆ ಅನ್ನಿಸಿತು. ಸ್ವಲ್ಪ ಬೇಸರವೂ ಆಯಿತು. ಆದರೆ ಹಣ ಬಂತು. ಅದೇ ಬೀದಿಯಲ್ಲಿ ಮಳಿಗೆ ಸಿಕ್ಕಿತು, ಭಾವನ ಬೋರ್ಡಿಗೆ ಹೊಸ ಬಣ್ಣ ಬಂತು. ಥಾಮಸ್ ಗುಡ್ಲೆಟ್‌ಗೆ ಒಬ್ಬ ತಮ್ಮನಿದ್ದರೆ, ಅವನೂ ಬೆಳ್ಳಿ ಕೆಲಸದವನಾದರೆ ಹೇಗೆ ಎಂದು ವೆಂಕಟಾಚಲ ಆಗಾಗ ಯೋಚಿಸತೊಡಗಿದ.

ಬೈಲಪ್ಪ ಬಟ್ಟಲಿನ ಚಿತ್ರಗಳನ್ನು ಎಡಿನ್‌ಬರೋದ ಒಬ್ಬ ಇತಿಹಾಸಕಾರರಿಗೆ ಕಳಿಸಿದರು. ಅನುಮಾನದಿಂದಲ್ಲ, ಹೆಮ್ಮೆಯಿಂದ. ಉತ್ತರ ಬಂತು. ಕೆಲಸ ಅತ್ಯುತ್ತಮ, ಮುದ್ರೆಗಳು ಸರಿ, ಭಾಷೆಯೂ ಸರಿ. ಆದರೆ 1567ರ ಕಾನೂನಿನ ಪ್ರಕಾರ ಸ್ಕಾಟ್ಲೆಂಡಿನಲ್ಲಿ ರಕ್ತಸಂಬಂಧದ ವ್ಯಭಿಚಾರಕ್ಕೆ ಮರಣದಂಡನೆ. ಅಕ್ಕನ ಮಗಳ ಕೈ ಹಿಡಿಯುವುದೂ ಅದರಲ್ಲಿ ಸೇರಿತ್ತು. ತನ್ನನ್ನು ಗಲ್ಲಿಗೇರಿಸುವ ಸಾಕ್ಷ್ಯವನ್ನು ತಾನೇ ಕೆತ್ತಿ ಪಕ್ಕದಲ್ಲಿ ಮುದ್ರೆ ಒತ್ತುವ ಅಕ್ಕಸಾಲಿ ಇರಲಾರ. ಇದನ್ನು ಮಾಡಿದವರು ಅಂಥ ಮದುವೆ ಶುಭಕಾರ್ಯವಾಗಿರುವ ಊರಿನವರು. ಬೈಲಪ್ಪ ಪೊಲೀಸರಿಗೆ ದೂರು ಕೊಟ್ಟರು. ಆ ಉತ್ತರವನ್ನೂ ಬಟ್ಟಲನ್ನೂ ಹಿಡಿದು ಇನ್‌ಸ್ಪೆಕ್ಟರ್ ಗುರುಸಿದ್ದ ಶ್ರೀನಗರಕ್ಕೆ ಬಂದರು. ವೆಂಕಟಾಚಲ ದಂಡು ಪ್ರದೇಶದ ವೃದ್ಧೆಯ ಕತೆಯನ್ನು ಒಂದಕ್ಷರವೂ ತಪ್ಪದೆ ಹೇಳಿದ. ಗುರುಸಿದ್ದ ಅದನ್ನು ಬರೆದುಕೊಳ್ಳಲಿಲ್ಲ. ಕಾಫಿ ತಂದ ಸೀತಾಲಕ್ಷ್ಮಿಯ ಕಡೆ ತಿರುಗಿ, "ನಿಮ್ಮೆಜಮಾನ್ರು ಕೆಲಸ ಕಲಿತಿದ್ದು ಯಾರ ಹತ್ರ ಅಮ್ಮಾ?" ಎಂದು ಕೇಳಿದರು. "ನಮ್ಮಪ್ಪನ ಹತ್ರಾನೇ ಸಾರ್," ಎಂದಳು ಸೀತಾಲಕ್ಷ್ಮಿ. "ಇವ್ರು ನಮ್ಮಮ್ಮನ ಸ್ವಂತ ತಮ್ಮ. ಮದುವೆಗೆ ಇವ್ರೇ ಕೈಯಾರೆ ಒಂದು ಬೆಳ್ಳಿ ಬಟ್ಟಲು ಮಾಡಿಕೊಟ್ಟಿದ್ರು, ತರ್ತೀನಿ ಇರಿ." ಅವಳು ತಂದಳು. ಗುರುಸಿದ್ದ ಎರಡೂ ಬಟ್ಟಲುಗಳನ್ನು ವಶಪಡಿಸಿಕೊಂಡು, ವೆಂಕಟಾಚಲನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು.