ಮುತ್ಯಾನ ಎಡಮಗ್ಗಲು

"ಮುತ್ಯಾ, ನಾ ಬಂದೀನಿ. ಇತ್ತ ನೋಡು!"

ಶೈಲಶ್ರೀ ಮೂರು ಸಲ ಕರೆದಳು. ಮಂಚದ ಮೇಲೆ ಊಟಕ್ಕೆ ಕೂತಿದ್ದ ಅಜ್ಜ, ಅವಳ ಮುತ್ಯಾ, ತಿರುಗಿ ನೋಡಲೇ ಇಲ್ಲ. ಬಲಗಡೆ ನಿಂತಿದ್ದ ಅವ್ವನ ಜೊತೆ ಮಾತ್ರ ನಗುನಗುತ್ತಾ ಮಾತಾಡುತ್ತಿದ್ದ.

ಮುತ್ಯಾನಿಗೆ ಲಕ್ವಾ ಹೊಡೆದಿತ್ತು. ಆಸ್ಪತ್ರೆಯಿಂದ ಮಳಖೇಡದ ಮನೆಗೆ ಬಂದು ಒಂದು ವಾರವಾಗಿತ್ತು. ಎಡಗೈಯಲ್ಲಿ ಶಕ್ತಿ ಇರಲಿಲ್ಲ. ಆ ಕೈಗೆ ಎಣ್ಣೆ ತಿಕ್ಕುವ ಕೆಲಸವನ್ನು ಶೈಲಶ್ರೀ ತಾನೇ ಕೇಳಿ ಪಡೆದಿದ್ದಳು. ಸ್ಕೂಲಿನಿಂದ ಬಂದವಳೇ ಅವನ ಎಡಕ್ಕೆ ಕೂತುಬಿಡುತ್ತಿದ್ದಳು. ಇಷ್ಟು ಮಾಡಿದರೂ ಮುತ್ಯಾ ಒಂದು ಸಲವಾದರೂ ಅವಳ ಮುಖ ನೋಡಬೇಡವೇ?

"ಅಕ್ಕಾ, ಮುತ್ಯಾಗ ನಾ ಬ್ಯಾಡಾಗೀನಿ," ಎಂದಳು. ಅಳು ಬಂದೇಬಿಟ್ಟಿತು.

ಅಕ್ಕ ಭಾಗ್ಯಶ್ರೀ ನಿನ್ನೆಯಷ್ಟೇ ಹೈದರಾಬಾದಿನಿಂದ ರಜೆಗೆ ಬಂದಿದ್ದಳು. ಯೂನಿವರ್ಸಿಟಿಯಲ್ಲಿ ಅವಳ ಮುಖ್ಯ ವಿಷಯ ಗಣಿತ. ಜೊತೆಗೆ ಮೈನರ್ ಅಂತ ನ್ಯೂರೋಸೈನ್ಸ್, ಅಂದರೆ ಮೆದುಳಿನ ವಿಜ್ಞಾನ. "ಲೆಕ್ಕಾ ಕಲಿ ಅಂತ ಕಳಿಸಿದ್ರ ಮಂದಿ ತಲಿಯೊಳಗ ಹಣಿಕಿ ಹಾಕಾಕತ್ತಾಳ," ಎಂದು ಅಪ್ಪ ಛೇಡಿಸುತ್ತಿದ್ದ.

ಅಕ್ಕ ಮುತ್ಯಾನ ತಾಟನ್ನೇ ನೋಡುತ್ತಿದ್ದಳು. ಬಲಗಡೆಯ ಪುಂಡಿಪಲ್ಯ ಖಾಲಿಯಾಗಿತ್ತು. ಎಡಗಡೆಯ ಶೇಂಗಾ ಹಿಂಡಿ, ಅವನ ಮೆಚ್ಚಿನ ಚಟ್ನಿಪುಡಿ, ಹಾಕಿದ ಹಾಗೇ ಇತ್ತು.

"ಮಾವಾರಿಗಿ ಹಿಂಡಿ ಅಂದ್ರ ಜೀವ. ಈಗ ಅದೂ ಸೇರವಲ್ದು ನೋಡು," ಎಂದು ಅವ್ವ ಪೇಚಾಡಿದಳು.

ಅಕ್ಕ ತಾಟನ್ನು ಅರ್ಧ ಸುತ್ತು ತಿರುಗಿಸಿದಳು. ಹಿಂಡಿ ಬಲಕ್ಕೆ ಬಂತು.

"ಹಿಂಡಿ ಅದ ಅಂತ ಮೊದ್ಲ ಹೇಳಬಾರದೇನವಾ?" ಎಂದ ಮುತ್ಯಾ, ರೊಟ್ಟಿ ಮುರಿದು ಹಚ್ಚಿಕೊಂಡು ಉಣ್ಣತೊಡಗಿದ.

ಅವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಮುತ್ಯಾನ ಕಣ್ಣಿಗಿ ಏನೂ ಆಗಿಲ್ಲ," ಎಂದು ಅಕ್ಕ ಶೈಲಶ್ರೀಗೆ ಮೆಲ್ಲಗೆ ಹೇಳಿದಳು. "ಪೆಟ್ಟು ಬಿದ್ದಿದ್ದು ಮೆದುಳಿನ ಬಲಮಗ್ಗಲಿಗಿ. ಹಿಂಗಾಗಿ ಎಡಕ್ಕ ಏನಿದ್ರೂ, ಯಾರು ಕರದ್ರೂ ಅವನ ಲಕ್ಷ್ಯಕ್ಕ ಬರಂಗಿಲ್ಲ. ಕ್ಲಾಸಿನ್ಯಾಗ ಕೇಳಿದ್ದೆ, ನಮ್ಮ ಮನ್ಯಾಗ ನೋಡ್ತೀನಿ ಅಂತ ಅನ್ಕೊಂಡಿರಲಿಲ್ಲ. ನಾಳಿ ಡಾಕ್ಟರಿಗಿ ಹೇಳೂಣು."

"ಅಂದ್ರ, ನನ್ನ ಮ್ಯಾಲ ಸಿಟ್ಟಿಲ್ಲಾ?"

"ಇಲ್ಲ ಹುಚ್ಚಿ!"

ಶೈಲಶ್ರೀ ಅಕ್ಕನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಇದನ್ನೆಲ್ಲ ಓದಿ ಬಂದ ಅಕ್ಕನಿಗೆ ಏನು ಕೊಟ್ಟರೂ ಕಡಿಮೆಯೇ ಅನ್ನಿಸಿತು. ಆಮೇಲೆ ಮಂಚದ ಸುತ್ತ ಬಂದು ಮುತ್ಯಾನ ಬಲಕ್ಕೆ ಕೂತಳು.

ಮುತ್ಯಾನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮುಖವೆಲ್ಲ ಅರಳಿತು.

"ಶೈಲೂ! ಎಲ್ಲಿ ಹೋಗಿದ್ದಿ ನನ್ನವ್ವ? ನಿನ್ನ ದಾರಿ ನೋಡಿ ನೋಡಿ ಸಾಕಾತು."

ಅವನು ಆ ತುತ್ತನ್ನು ಅವಳ ಬಾಯಿಗೇ ಇಟ್ಟ.

"ಇಲ್ಲೇ ಇದ್ದೆ ಮುತ್ಯಾ," ಎಂದಳು ಶೈಲಶ್ರೀ.