ಟಿಲ್ಸನ್ ಪಾದ್ರಿಯ ಬಟ್ಟಲಿನಲ್ಲಿ ಮದ್ಯ

ಚುನಾವಣೆಗೆ ಎರಡೇ ದಿನ ಉಳಿದಿದ್ದ ಭಾನುವಾರ. ಆರಾಧನೆಗೆ ಮುಂಚೆ ಚರ್ಚಿನೊಳಗೆ ಚಳಿಗೆ ಹಚ್ಚಿದ್ದ ಒಲೆಯ ಮೇಲೆ ಡಾರ್ಕಸ್ ಎಂಬ ಹೆಂಗಸು ಒಣಗಲು ಇಟ್ಟ ಉಣ್ಣೆಯ ಕೈಗವಸು ಸುಟ್ಟು, ಕಮಟು ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡಿದ್ದರು. ಒಲೆಯ ಪಕ್ಕದಲ್ಲೇ ಕೂತಿದ್ದ ಸಭೆಯ ಹಿರಿಯ ವಿಟ್ಲೋ ಮಾತ್ರ ಕಟ್ಟಿದ ದನಿಯಲ್ಲಿ, "ಯಾಕ್ರೀ, ಏನಾಯ್ತು?" ಎಂದು ಕೇಳಿದ್ದ.

ಪಾದ್ರಿ ಎನಾಕ್ ಟಿಲ್ಸನ್, ಸಭೆಯವರೆಲ್ಲ ಒಂದೊಂದು ಗುಟುಕು ಕುಡಿಯುವ ಪ್ರಭುಭೋಜನದ ಬಟ್ಟಲನ್ನು ಎತ್ತಿದರಷ್ಟೆ, ವಿಟ್ಲೋ ಎದ್ದು ಕೂಗಿದ: "ಯಾರೂ ಕುಡೀಬೇಡಿ! ಅದು ದ್ರಾಕ್ಷಿ ರಸ ಅಲ್ಲ, ಮದ್ಯ! ಇಲ್ಲೀತನಕ ನಾತ ಹೊಡೀತಿದೆ!"

ಮುಂದಿದ್ದವರು ಮೂಸಿ ನೋಡಿದರು. ನಿಜವಾಗಿಯೂ ಮದ್ಯವೇ. ಪಾನನಿಷೇಧ ಪಕ್ಷದಿಂದ ನ್ಯೂಯಾರ್ಕ್ ರಾಜ್ಯದ ಶಾಸನಸಭೆಗೆ ನಿಂತಿದ್ದ ಪಾದ್ರಿ ಕಲ್ಲಾಗಿ ನಿಂತರು. ರಸ ಹಿಂಡಿ ಕುದಿಸಿಟ್ಟಿದ್ದ ಅವರ ಹೆಂಡತಿ ಮಾರ್ಷಿಯಾ ಬಿಕ್ಕಿ ಅತ್ತಳು.

"ಮುಗೀತು ಕಣೇ ಇವರ ಕತೆ," ಎಂದಳು ಡಾರ್ಕಸ್, ಪಕ್ಕದಲ್ಲಿದ್ದ ಗೆಳತಿ ಕೆಜಾಯಳಿಗೆ. ಊರಿನ ಕಳವುಗಳನ್ನೆಲ್ಲ ಪತ್ತೆ ಹಚ್ಚಿದ್ದ ನಿವೃತ್ತ ಶಾಲಾ ಶಿಕ್ಷಕಿ ಕೆಜಾಯ ಎದ್ದಳು. ನೇರ ಮಾರ್ಷಿಯಾಳ ಬಳಿ ಹೋಗಿ ಕಿವಿಯಲ್ಲಿ ಏನೋ ಹೇಳಿದಳು. ಮಾರ್ಷಿಯಾ ಮನೆಗೆ ಓಡಿ ಒಂದು ಜಾಡಿ ತಂದಳು.

ಕೆಜಾಯ ಅದರಿಂದ ಒಂದು ಲೋಟ ತುಂಬಿ ಮುಂದಿನ ಸಾಲಿನವರಿಗೆಲ್ಲ ಮೂಸಲು ಕೊಟ್ಟು, ಕೊನೆಗೆ ವಿಟ್ಲೋನ ಮುಂದೆ ಹಿಡಿದಳು. "ಇದೇನು ಹೇಳ್ರಿ ಯಜಮಾನರೇ?"

ವಿಟ್ಲೋ ಜೋರಾಗಿ ಉಸಿರೆಳೆದ. "ಇದೂ ಮದ್ಯವೇ! ಆ ಮನೆ ತುಂಬ ಅದೇ ಇರ್ಬೇಕು!"

ಮುಂದಿನ ಸಾಲು ಗೊಳ್ಳೆಂದು ನಕ್ಕಿತು.

"ಇದು ಅಪ್ಪಟ ದ್ರಾಕ್ಷಿ ರಸ," ಎಂದಳು ಕೆಜಾಯ. "ನೆಗಡಿಯಿಂದ ನಿಮ್ಮ ಮೂಗು ಪೂರ್ತಿ ಕಟ್ಟಿದೆ. ಪಕ್ಕದಲ್ಲೇ ಉಣ್ಣೆ ಸುಟ್ಟದ್ದೂ ಗೊತ್ತಾಗಲಿಲ್ಲ. ಬಟ್ಟಲಿಗೆ ಯಾರೂ ಬಾಯಿಟ್ಟಿರಲಿಲ್ಲ. ಅದನ್ನ ಎತ್ತಿದ ಪಾದ್ರಿಗಳಿಗೇ ಗೊತ್ತಾಗಿರಲಿಲ್ಲ. ಮೂಸಲಾರದ, ಕುಡಿಯದ ನಿಮಗೆ ಮದ್ಯ ಅಂತ ಹೇಗೆ ತಿಳೀತು? ಸುರಿದವರಿಗೆ ತಾನೇ ತಿಳಿಯೋದು?"

ವಿಟ್ಲೋನ ಮುಖ ಬಿಳಚಿಕೊಂಡಿತು. "ನನ್ನ ತೋಟ ಪೂರ್ತಿ ಬಿಯರ್‌ಗೆ ಹಾಕೋ ಹಾಪ್ಸ್ ಬಳ್ಳಿ ಕಣಮ್ಮ," ಎಂದು ಕುಸಿದು ಕೂತ. "ಇವರು ಗೆದ್ರೆ ಅದನ್ನ ಯಾರು ಕೊಳ್ತಾರೆ?"

"ಹಾಗಂತ ನನ್ನ ಎದುರೇ ಹೇಳಬಾರದಿತ್ತೇನಯ್ಯಾ?" ಎಂದರು ಪಾದ್ರಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಕೂತು ಒಂದು ದಾರಿ ಹುಡುಕ್ತಿದ್ವಲ್ಲ."

ಸುದ್ದಿ ಸಂಜೆಯೊಳಗೆ ಸುತ್ತಲಿನ ಹಳ್ಳಿಗಳಿಗೆಲ್ಲ ಮುಟ್ಟಿತು. ಅನುಮಾನಿಸುತ್ತಿದ್ದವರೂ ಮಂಗಳವಾರ ಸಾಲುಗಟ್ಟಿ ಬಂದು ಟಿಲ್ಸನ್ನರಿಗೆ ಮತ ಹಾಕಿದರು. ಗೆಲುವಿನ ತಂತಿ ಬಂದಾಗ ಚರ್ಚಿನ ಗಂಟೆ ಬಾರಿಸಲು ಗಂಡಸರು ಮುಂದಾದರು.

"ಸರೀರಿ ಆ ಕಡೆ!" ಎಂದು ಡಾರ್ಕಸ್ ಅವರನ್ನು ತಳ್ಳಿದಳು. "ಮತದ ಹಕ್ಕಂತೂ ಹೆಂಗಸರಿಗಿಲ್ಲ, ಗಂಟೆಯಾದ್ರೂ ನಮ್ಮದಾಗಲಿ!"

ಕೆಜಾಯ, ಮಾರ್ಷಿಯಾ, ಊರ ಹೆಂಗಸರೆಲ್ಲ ಸೇರಿ ಹಗ್ಗ ಜಗ್ಗಿದರು. ಗಂಟೆಯ ಸದ್ದು ಕಣಿವೆಯಾಚೆಗೂ ಕೇಳಿಸಿತು.