ದಢೇಸುಗೂರಿನಲ್ಲಿ ತೊಗರಿ ಕೊಯ್ದ ಹುಡುಗಿ

ಡಿಸೆಂಬರ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹತ್ತು ಗಂಟೆ. ದೂರು ಕೊಡಲು ಸಿಂಧನೂರು ಪೊಲೀಸ್ ಠಾಣೆಯೊಳಗೆ ಕಾಲಿಟ್ಟ ಯುವತಿಯನ್ನು ಕಂಡದ್ದೇ ತಡ, ಕಾನ್‌ಸ್ಟೇಬಲ್ ಲಾಲಪ್ಪ ಕುರ್ಚಿಯಿಂದ ಜಿಗಿದು ನಿಂತ.

"ಸಿರಿ ಅವ್ರಾ! ಠಾಣೆಗೇ ಬಂದ್ಬಿಟ್ರಲ್ರೀ!"

"ಯಾವ ಸಿರಿ? ನಾ ಮೌನೇಶ್ವರಿ. ನಿಮ್ಮನ್ನ ನಾ ಎಂದೂ ನೋಡಿಲ್ಲ."

ಲಾಲಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಒಳಗಿನಿಂದ ಇನ್ಸ್‌ಪೆಕ್ಟರ್ ಪಂಪಾವತಿ ಇಬ್ಬರನ್ನೂ ಕರೆದರು.

ಮೌನೇಶ್ವರಿ ವಳಕಮದಿನ್ನಿಯವಳು. ಸಿಂಧನೂರಿನ ಲ್ಯಾಬೊಂದರಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ. ಮಸ್ಕಿಯ ಶಾಲಾ ಶಿಕ್ಷಕ ಶರಣಬಸವನ ಜೊತೆ ಮದುವೆ ಗೊತ್ತಾಗಿ, ಶುಕ್ರವಾರ ನಿಶ್ಚಿತಾರ್ಥದ ಉಡಿ ತುಂಬುವ ಕಾರ್ಯವಿತ್ತು. ಅಷ್ಟರಲ್ಲಿ ‘ಜೋಡಿಗೂಡು’ ಎಂಬ ಹೊಸ ಡೇಟಿಂಗ್ ಆಪಿನಲ್ಲಿ ಆಕೆಯ ಫೋಟೊ ಗಂಡಿನ ಕಡೆಯವರ ಕಣ್ಣಿಗೆ ಬಿದ್ದಿತ್ತು. ಅವರು ಹಿಂದಿನ ದಿನವೇ ಫೋನ್ ಮಾಡಿ, ಕಾರ್ಯ ಬೇಡ ಎಂದಿದ್ದರು.

"ಅದು ನಾ ಅಲ್ಲ ಅಂದ್ರ ಅವರ ಮನ್ಯಾಗ ಹಿರ್ಯಾರು ನಂಬವಲ್ರು ರೀ. ಶುಕ್ರವಾರದೊಳಗ ನಿಜ ಹೊರಗ ಬರ್ಲಿಲ್ಲಂದ್ರ ಈ ಸಂಬಂಧ ಮುರೀತದ. ನನಗ ಅಂವ ಬೇಕ್ರೀ," ಎಂದಳು ಮೌನೇಶ್ವರಿ. ಹೇಳುವಾಗ ನಾಚಿಕೆ ಇರಲಿಲ್ಲ.

ಬೇರೆಯವರ ಗುರುತು ಕದ್ದು ವಂಚಿಸಿದ ಕಲಂಗಳಡಿ ಎಫ್‌ಐಆರ್ ದಾಖಲಾಯಿತು. ಮೊದಲ ವಿಚಾರಣೆ ಯಾರದ್ದು ಅಂತೀರಿ? ನಮ್ಮ ಲಾಲಪ್ಪನದ್ದೇ! ಆ ಫೋಟೊದ ‘ಸಿರಿ’ಯ ಜೊತೆ ಅವನು ಒಂದು ವಾರದಿಂದ ಮಾತಾಡುತ್ತಿದ್ದ.

"ಹೊಸ ಆಪು. ಸೇರೋಕ್ಕಿಂತ ಮೊದಲ ಏನ್ ನೋಡ್ದಿ? ಮಾಡಿದವ್ರು ಯಾರು, ವಿಳಾಸ ಐತೇನು?" ಎಂದು ಕೇಳಿದರು ಪಂಪಾವತಿ.

"ಇಲ್ರೀ ಮೇಡಂ."

"ಯಾರಾದ್ರೂ ಕಾಡಿದ್ರ ದೂರು ಕೊಡೋ ಜಾಗ?"

"ಬಟನ್ ಐತ್ರೀ. ಒತ್ತಿದ್ರ ಏನೂ ಆಗಂಗಿಲ್ಲ."

"ಆಕಿ ವಿಡಿಯೊ ಕಾಲಿಗೆ ಬಂದಿದ್ಲೇನು?"

"ಕ್ಯಾಮೆರಾ ಕೆಟ್ಟೈತಿ ಅಂದಿದ್ಲು ರೀ."

"ಮತ್ತ ಏನ್ ನೋಡಿ ಸೇರಿದಿ?"

"ಫೋಟೊ ರೀ."

"ಎತ್ತು ಕೊಳ್ಳೋರು ಸೈತ ಬಾಯಿ ತೆಗೆದು ಹಲ್ಲು ನೋಡ್ತಾರಲೇ! ಓದು, ಆಕಿ ಏನೇನ್ ಬರದಾಳ."

ಲಾಲಪ್ಪ ನೆಲ ನೋಡುತ್ತ ಓದತೊಡಗಿದ. "‘ನಮ್ಮೂರು ದಢೇಸುಗೂರು. ಇವತ್ತು ನಮ್ಮ ಹೊಲದಾಗ ತೊಗರಿ ಕೊಯ್ಯಾಕ ಹೋಗಿದ್ದೆ. ಕೈಯೆಲ್ಲಾ ಉರಿಯಾಕತ್ಯಾವ...’"

"ನಿಲ್ಲಸ್ರೀ!" ಮೌನೇಶ್ವರಿ ಎದ್ದೇಬಿಟ್ಟಳು. "ದಢೇಸುಗೂರಾಗ ತೊಗರಿನಾ? ಕಾಲುವಿ ಕೆಳಗಿನ ಊರು ರೀ ಅದು. ಎತ್ತ ನೋಡಿದ್ರೂ ಭತ್ತ!"

ಪಂಪಾವತಿಯವರ ಕಣ್ಣು ಹೊಳೆಯಿತು. ಬರೆದವನು ಕಾಲುವೆ ಸೀಮೆಯವನಲ್ಲ. ಡಿಸೆಂಬರ್ ಅಂದರೆ ತೊಗರಿ ನೆನಪಾಗುವ ಒಣಬೇಸಾಯದ ಕಡೆಯವನು.

"ಈ ಫೋಟೊ ಎಲ್ಲಿ ತೆಗೆಸಿದ್ದವಾ?"

"ನಮ್ಮ ಅಕ್ಕನ ಮದುವ್ಯಾಗ, ಲಿಂಗಸುಗೂರಾಗ. ನಾ ಎಲ್ಲೂ ಹಾಕಿಲ್ಲ. ಮದುವಿ ಆಲ್ಬಮ್ಮಿನಾಗ ಬಿಟ್ರ ಬ್ಯಾರೆ ಎಲ್ಲೂ ಇಲ್ರೀ."

"ಆಲ್ಬಮ್ ಮಾಡಿದವ್ರು?"

"ಶಿವರಾಜ ಅಂತ. ಲಿಂಗಸುಗೂರು ಬಜಾರದಾಗ ಸ್ಟುಡಿಯೊ ಇಟ್ಟಾನ."

"ಜೀಪು ತೆಗೀ!" ಎಂದರು ಪಂಪಾವತಿ.

ಮಸ್ಕಿ ದಾಟುತ್ತಿದ್ದಂತೆ ಗದ್ದೆ ಮಾಯವಾಗಿ, ರಸ್ತೆಯ ಎರಡೂ ಬದಿ ತೊಗರಿ ಹೊಲಗಳು ಶುರುವಾದವು. ಲಾಲಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. "ಎಲಾ ಇವನ! ಇಷ್ಟು ದಿನ ನಾ ಒಬ್ಬ ಗಂಡಸಿಗೆ ಗುಡ್ ಮಾರ್ನಿಂಗ್ ಹೇಳಾಕತ್ತಿದ್ನೇನು!" ಎಂದು ಹಲ್ಲು ಕಡಿದ.

ಬರೀ ಅನುಮಾನ ಸಾಲದು, ಸಾಕ್ಷಿ ಬೇಕಿತ್ತು. ಪಂಪಾವತಿ ಸಾದಾ ಸೀರೆಯಲ್ಲಿ ಸ್ಟುಡಿಯೊದೊಳಗೆ ಹೋಗಿ ಮದುವೆ ಆಲ್ಬಮ್ಮಿನ ದರ ವಿಚಾರಿಸುತ್ತ ನಿಂತರು. ಸಾಕ್ಷಿಗೆಂದು ಕರೆತಂದಿದ್ದ ಇಬ್ಬರು ಪಂಚರೂ ಗಿರಾಕಿಗಳ ಹಾಗೆ ಕೂತರು. ಹೊರಗೆ ಜೀಪಿನಲ್ಲಿದ್ದ ಲಾಲಪ್ಪ ಟೈಪ್ ಮಾಡಿದ: "ಸಿರಿ, ಊಟ ಆತೇನ್ರಿ?"

ಮೇಜಿನ ಮೇಲಿದ್ದ ಫೋನು ಟಿಣ್ ಎಂದಿತು. ಶಿವರಾಜ, "ಒಂದ್ ನಿಮಿಷ ಅಕ್ಕಾರ," ಎಂದು ನಗುತ್ತಲೇ ಉತ್ತರ ಒತ್ತಿದ. ಮರುಕ್ಷಣ ಲಾಲಪ್ಪ ಬಾಗಿಲಲ್ಲಿ ಬಂದು ನಿಂತು, ತನ್ನ ಫೋನಿನಲ್ಲಿದ್ದುದನ್ನು ಗಟ್ಟಿಯಾಗಿ ಓದಿದ: "‘ಆತ್ರೀ. ನಿಮ್ದು?’ ನಂದಿನ್ನೂ ಆಗಿಲ್ಲಪಾ ಸಿರಿ. ನಡಿ, ಠಾಣೆಗೆ ಹೋಗಿ ಕೂಡೇ ಉಣ್ಣೂಣು!"

ಪಂಚರ ಸಮಕ್ಷಮ ಪಂಚನಾಮೆ ಮಾಡಿ ಫೋನು, ಕಂಪ್ಯೂಟರ್ ಜಪ್ತಿ ಮಾಡಲಾಯಿತು. ಆಪು ಶಿವರಾಜನದ್ದೇ. ಅದರಲ್ಲಿದ್ದ ಹುಡುಗಿಯರೆಲ್ಲ ಅವನು ತೆಗೆದ ಮದುವೆ ಆಲ್ಬಮ್ಮುಗಳಿಂದ ಬಂದವರು.

"ಹುಡುಗೇರು ಇಲ್ಲದ ಆಪಿಗೆ ಹುಡುಗರು ಬರಂಗಿಲ್ರೀ. ಯಾರೂ ಬರ್ಲಿಲ್ಲ, ಅದಕ್ಕ ನಾನ ಹುಡುಗಿ ಆದೆ," ಎಂದು ಅವನು ತಪ್ಪೊಪ್ಪಿಕೊಂಡ. ಬಂಧನದ ಕಾಗದಗಳಿಗೆ ಸಹಿ ಬಿತ್ತು.

ವಾಪಸು ಬರುವಾಗ ಪಂಪಾವತಿ ಜೀಪನ್ನು ಮಸ್ಕಿಯಲ್ಲಿ ಶರಣಬಸವನ ಮನೆ ಮುಂದೆ ನಿಲ್ಲಿಸಿದರು. ಮೌನೇಶ್ವರಿಯ ತಪ್ಪೇನೂ ಇಲ್ಲ, ಫೋಟೊ ಕದ್ದವನು ಸಿಕ್ಕಿದ್ದಾನೆ ಎಂದು ಅವನ ತಂದೆಗೆ ತಿಳಿಸಿದರು. ಮುದುಕ ರುಮಾಲು ಸರಿಮಾಡಿಕೊಂಡು, "ದುಡುಕಿದ್ವಿ ತಾಯಿ. ಶುಕ್ರವಾರ ಉಡಿ ತುಂಬಾಕ ಬರ್ತೀವಿ," ಎಂದ. ಶರಣಬಸವ ಆಗಲೇ ಅಂಗಳಕ್ಕೆ ಓಡಿ ಫೋನ್ ಹಚ್ಚಿದ್ದ. ಆ ಕಡೆಯಿಂದ ಮೌನೇಶ್ವರಿ ಬೈಯುತ್ತಿದ್ದುದು, ನಡುವೆ ನಗುತ್ತಿದ್ದುದು ಜೀಪಿನವರೆಗೂ ಕೇಳಿತು.

ಹಿಂದಿನ ಸೀಟಿನಲ್ಲಿದ್ದ ಶಿವರಾಜ ಅದನ್ನೇ ನೋಡುತ್ತ ಕೂತಿದ್ದ.

"ಊರವರ ಮದುವಿ ಫೋಟೊ ತೆಗೆದೀನ್ರೀ. ನನಗ ಮಾತ್ರ ಎಲ್ಲೂ ಕೂಡಿ ಬರ್ಲಿಲ್ಲ. ಆಪಿನಾಗ ಮೊದಲು ಹಾಕಿದ್ದು ನನ್ನ ಫೋಟೊನ, ನನ್ನ ಖರೇ ಹೆಸರು," ಎಂದ. "ಒಬ್ಬಾಕಿ ಬರದಿದ್ಲು, ನಿಮ್ಮ ಜೊತಿ ಮಾತಾಡಬೇಕು ಅಂತ."

"ಮತ್ತ?" ಎಂದ ಲಾಲಪ್ಪ.

"ಈ ಆಪಿಗೆ ಖರೇ ಹುಡುಗಿ ಎಲ್ಲಿಂದ ಬರಬೇಕು, ನಕಲಿ ಇರಬೇಕು ಅಂತ ಆಕಿನ್ನ ಆಪಿನಿಂದ ತೆಗೆದು ಹಾಕ್ದೆ ರೀ. ಆಮ್ಯಾಲೆ ನೋಡಿದ್ರ ಹೆಸರು, ಫೋಟೊ, ಊರು ಎಲ್ಲಾ ಖರೇನ. ಮತ್ತ ಆಕಿ ಬರಲೇ ಇಲ್ಲ."

ಬೈಯಲು ಬಾಯಿ ತೆರೆದಿದ್ದ ಲಾಲಪ್ಪ ನೀರಿನ ಬಾಟಲಿಯನ್ನು ಅವನ ಕೈಗೆ ಕೊಟ್ಟ. ಜೀಪು ಸಿಂಧನೂರಿನ ಕಡೆ ಹೊರಟಿತು.